ಪೋರ್ಚುಗೀಸರಿಗಿಂತ ಮುಂಚಿನ ಮಂಗಳೂರು: ಇತಿಹಾಸಕಾರರಿಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹಳೇ ಬಂದರಿನ ಹತ್ತಿರ. ನಮ್ಮೂರಿನ ಇತಿಹಾಸ ಅಂತ ಹುಡುಕಿದರೆ ಸಿಗುವುದು ಪೋರ್ಚುಗೀಸರು, ಬಾಸೆಲ್ ಮಿಷನ್, ಹಂಚಿನ ಕಾರ್ಖಾನೆ, ಇಷ್ಟೇ. ಅದಕ್ಕೂ ಮುಂಚೆ ಇಲ್ಲಿ ಭಾರಿ ವ್ಯಾಪಾರ ನಡೀತಿತ್ತು ಅನ್ನುತ್ತಾರೆ. ಆದರೆ ಆಗಿನ ಒಂದು ಗೋದಾಮೂ ಕಾಣಿಸುವುದಿಲ್ಲ. ಇದೆಲ್ಲ ಊಹೆಯೇ?

ಉತ್ತರ: ಊಹೆ ಅಲ್ಲ. ಆದರೆ ನೀವು ಹುಡುಕಿದ ಜಾಗದಲ್ಲಿ ಸಾಕ್ಷಿ ಸಿಗುವುದು ಕಷ್ಟ, ಅದು ನಿಜ. ಮಣ್ಣು, ಮರ, ಹುಲ್ಲು, ತಾಳೆಗರಿ ಇವು ಯಾವುವೂ ಕರಾವಳಿಯ ಮಳೆಗೆ ಬಹಳ ಕಾಲ ಬಾಳುವುದಿಲ್ಲ. ಹಳೇ ಬಂದರಿನ ಮೇಲೆ ಈಗಿನ ಪೇಟೆಯೇ ಕೂತಿದೆ, ಅಗೆಯುವುದಾದರೂ ಎಲ್ಲಿ? ಹಾಗಾಗಿ ಊರಿನೊಳಗೆ ಉಳಿದದ್ದನ್ನೂ ಊರಿನ ಹೊರಗೆ ಹೋಗಿದ್ದನ್ನೂ ಎದುರುಬದುರು ಇಟ್ಟು ನೋಡಬೇಕು.

ಒಳಗೆ ಉಳಿದದ್ದು ಮುಖ್ಯವಾಗಿ ಶಾಸನಗಳು. ಮಂಗಳೂರು, ಬಾರಕೂರು, ಬಸ್ರೂರು ಸುತ್ತಮುತ್ತ ಇವು ಜಾಸ್ತಿ ಸಿಕ್ಕಿವೆ. ಪಿ. ಗುರುರಾಜ ಭಟ್, ಕೆ.ವಿ. ರಮೇಶ್ ಅವರಂಥವರು ವರ್ಷಗಟ್ಟಲೆ ಕೂತು ಇವನ್ನು ಓದಿ ಈ ಕರಾವಳಿಯನ್ನು ಆಳಿದ ಆಳುಪರ ಕಾಲದಿಂದ ವಿಜಯನಗರದವರೆಗಿನ ಚಿತ್ರ ಕಟ್ಟಿದರು. ಕದ್ರಿಯ ಲೋಕೇಶ್ವರ ವಿಗ್ರಹದ ಪೀಠವನ್ನೇ ನೋಡಿ. ಆಳುಪ ಅರಸ ಕುಂದವರ್ಮ ಅದನ್ನು ಪ್ರತಿಷ್ಠೆ ಮಾಡಿಸಿದ ಅಂತ ಅಲ್ಲೇ ಬರೆದಿದೆ. ಕಾಲ ಕ್ರಿ.ಶ. 968. ರಾಜ, ಊರು, ಇಸವಿ ಮೂರೂ ಒಂದೇ ಕಡೆ ಸಿಕ್ಕರೆ ನಮ್ಮಂಥವರಿಗೆ ಹಬ್ಬ. ಆದರೆ ಶಾಸನ ಹೇಳುವುದು ದಾನದ ವಿಷಯ. ಯಾರು ಭೂಮಿ ಬಿಟ್ಟರು, ದೀಪದ ಎಣ್ಣೆಗೆ ಏನು ಕೊಟ್ಟರು, ಎಷ್ಟು ಅಕ್ಕಿ, ಇಂಥವು. ಬಂದರಿಗೆ ಯಾವ ಹಡಗು ಬಂತು, ಅದರಲ್ಲಿ ಏನಿತ್ತು ಅಂತ ಕಲ್ಲಿನ ಮೇಲೆ ಯಾರೂ ಕೆತ್ತಿಸುವುದಿಲ್ಲ ಅಲ್ವಾ?

ಅದು ಸಿಕ್ಕಿದ್ದು ಈಜಿಪ್ಟಿನಲ್ಲಿ! ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಹಳೇ ಕಾಗದಗಳನ್ನು ಹಾಕುವ ಒಂದು ಕೋಣೆ ಇತ್ತು. ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದು ಅನ್ನುವ ನಂಬಿಕೆ ಅವರದು, ಹಾಗಾಗಿ ಲೆಕ್ಕಪತ್ರ, ಓಲೆ, ಜಗಳದ ಅರ್ಜಿ ಎಲ್ಲ ಅಲ್ಲೇ ಬಿದ್ದಿದ್ದವು. 19ನೇ ಶತಮಾನದ ಕೊನೆಗೆ ಅದರ ದೊಡ್ಡ ಪಾಲು ಕೇಂಬ್ರಿಡ್ಜ್‌ಗೆ ಹೋಯಿತು. ಆ ರಾಶಿಯೊಳಗೆ ಅಬ್ರಹಾಂ ಬೆನ್ ಯಿಜು ಅನ್ನುವ ವ್ಯಾಪಾರಿಯ ಕಾಗದಗಳಿವೆ. ಟ್ಯುನೀಶಿಯಾದ ಈ ಮನುಷ್ಯ 1130ರ ದಶಕದಿಂದ 1149ರವರೆಗೆ ಹೆಚ್ಚು ಕಾಲ ಇದ್ದದ್ದು ಮಂಗಳೂರಿನಲ್ಲಿ. ಅಶು ಅನ್ನುವ ದಾಸಿಯನ್ನು 1132ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಪತ್ರ ಬರೆದದ್ದೂ ಮಂಗಳೂರಿನಲ್ಲೇ. ಅಂದರೆ ಊರಿನ ಹೆಸರಿನ ಜೊತೆ ತಿಂಗಳೂ ಸಿಕ್ಕಿತು.

ಅವನಿಗೆ ಯೆಮನ್‌ನ ಬಂದರಾದ ಏಡನ್‌ನಿಂದ ಬಂದ ಓಲೆಗಳನ್ನು ಓದಿದರೆ ಬಂದರು ಕಣ್ಣ ಮುಂದೆ ನಿಲ್ಲುತ್ತದೆ. ಇಲ್ಲಿಂದ ಹೋಗುತ್ತಿದ್ದದ್ದು ಕಾಳುಮೆಣಸು, ಕಬ್ಬಿಣ, ಅಡಿಕೆ. ಅಲ್ಲಿಂದ ಬರುತ್ತಿದ್ದದ್ದು ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ. ಅವನದೊಂದು ಕಂಚಿನ ಕಾರ್ಖಾನೆ ಇತ್ತು. ಏಡನ್‌ನವರು ಒಡೆದ ಪಾತ್ರೆ ಕಳಿಸಿ, ಕರಗಿಸಿ ಹೊಸದು ಮಾಡಿಕೊಡು ಅಂತ ಕೇಳುತ್ತಿದ್ದರು. ಒಂದು ಓಲೆಯಲ್ಲಿ ಹಡಗು ಮುಳುಗಿದ ಸುದ್ದಿ ಇದೆ: ಮೆಣಸು ಪೂರ್ತಿ ಹೋಯಿತು, ಮುಳುಗುಗಾರರನ್ನು ಇಳಿಸಿ ಕಬ್ಬಿಣದಲ್ಲಿ ಹೆಚ್ಚುಕಮ್ಮಿ ಅರ್ಧ ಎತ್ತಿಸಿದ್ದೇವೆ, ಅಂತ. ಮುಂದೊಂದು ದಿನ ಇತಿಹಾಸಕಾರರು ಓದುತ್ತಾರೆ ಅಂತ ಬರೆದದ್ದಲ್ಲ ಇದು, ದುಡ್ಡಿನ ಲೆಕ್ಕ ಒಪ್ಪಿಸಲು ಬರೆದದ್ದು. ಅದಕ್ಕೇ ನನಗೆ ಇಂಥ ಕಾಗದದ ಮೇಲೆ ನಂಬಿಕೆ ಜಾಸ್ತಿ.

ಈಗ ಎದುರುಬದುರು ಇಡುವುದು ಅಂದೆನಲ್ಲ, ಅದನ್ನು ನೋಡಿ. ಈ ಓಲೆಗಳಲ್ಲಿ ‘ಫತನ್ ಸ್ವಾಮಿ’ಯ ಹಡಗು ಅಂತ ಬರುತ್ತದೆ. ಓಲೆಗಳ ಭಾಷೆ ಅರಬ್ಬಿ, ಅದರಲ್ಲಿ ‘ಪ’ ಇಲ್ಲ, ‘ಫ’ ಬರೆಯುತ್ತಾರೆ. ಅತ್ತ ಮಲೆನಾಡಿನ ಹುಂಚದ 11ನೇ ಶತಮಾನದ ಶಾಸನದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಬಸದಿ ಕಟ್ಟಿಸಿದ್ದಾನೆ. ಪಟ್ಟಣಸ್ವಾಮಿ ಅಂದರೆ ಪೇಟೆಯ ವರ್ತಕರ ಮುಖಂಡ, ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪದವಿ. ಇಬ್ಬರೂ ಒಬ್ಬನೇ ಅಲ್ಲ, ಕಾಲವೂ ಬೇರೆ. ಆದರೆ ಕಲ್ಲಿನಲ್ಲಿ ಬಸದಿ ಕಟ್ಟಿಸುವ ಪದವಿಯವರು ಸಮುದ್ರದಲ್ಲಿ ಹಡಗಿನ ಒಡೆಯರೂ ಆಗಿದ್ದರು ಅನ್ನುವುದು ಎರಡೂ ಸೇರಿದಾಗ ಮಾತ್ರ ತಿಳಿಯುತ್ತದೆ. ಕಲ್ಲಷ್ಟನ್ನೇ ಓದಿದ್ದರೆ ಅವರು ಬರೀ ದಾನಿಗಳು, ಓಲೆಯಷ್ಟನ್ನೇ ಓದಿದ್ದರೆ ಯಾರೋ ಗುರುತಿಲ್ಲದ ಸ್ವಾಮಿ.

ಪ್ರವಾಸಿಗಳನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಇಬ್ನ್ ಬತೂತ 1342ರ ಸುಮಾರಿಗೆ ಇಲ್ಲಿಗೆ ಬಂದಿದ್ದ, ಅವನ ‘ಮಂಜರೂರ್’ ನಮ್ಮ ಮಂಗಳೂರೇ. ಪರ್ಷಿಯಾ, ಯೆಮನ್‌ನ ವರ್ತಕರು ಬರುತ್ತಾರೆ, ಮೆಣಸು ಶುಂಠಿ ಧಾರಾಳ, ಸುಮಾರು 4000 ಮುಸ್ಲಿಮರಿದ್ದಾರೆ ಅನ್ನುತ್ತಾನೆ. ಆದರೆ ಇದನ್ನೆಲ್ಲ ಅವನು ಹೇಳಿ ಬರೆಸಿದ್ದು ವರ್ಷಗಳ ಮೇಲೆ, ಮೊರಾಕ್ಕೋದಲ್ಲಿ. ಹಾಗಾಗಿ 4000 ಅನ್ನುವುದನ್ನು ಜನಗಣತಿ ಅಂತ ತಗೊಳ್ಳಬೇಡಿ. ಅವನು ಸುಮ್ನೆ ಹೇಳಿ ದಾಟಿಹೋದ ಒಂದು ಮಾತು ನನಗೆ ಅದಕ್ಕಿಂತ ಮುಖ್ಯ: ಊರವರಿಗೂ ವರ್ತಕರಿಗೂ ಜಗಳ ಹತ್ತಿದಾಗ ಅರಸನೇ ರಾಜಿ ಮಾಡಿಸುತ್ತಾನಂತೆ, ಯಾಕೆಂದರೆ ಅವನಿಗೆ ವರ್ತಕರು ಬೇಕು. ಅರಸನ ಖಜಾನೆ ಯಾವುದರ ಮೇಲೆ ನಿಂತಿತ್ತು ಅಂತ ಇದರಿಂದ ಗೊತ್ತಾಗುತ್ತದೆ. 1443ರಲ್ಲಿ ವಿಜಯನಗರಕ್ಕೆ ಹೊರಟ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಕೂಡ ಇಲ್ಲೇ ಹಡಗು ಇಳಿದ. ಪೋರ್ಚುಗೀಸರ ಕೋಟೆ ಎದ್ದದ್ದು 1568ರಲ್ಲಿ. ಲೆಕ್ಕ ಹಾಕಿ, ಬೆನ್ ಯಿಜು ಬಂದು ಆಗಲೇ 400 ವರ್ಷ ದಾಟಿತ್ತು.

ಇಷ್ಟಾದರೂ ದೋಣಿ ನಡೆಸಿದವರು, ಮೂಟೆ ಹೊತ್ತವರು ಎಲ್ಲಿ? ಬೆನ್ ಯಿಜುವಿನ ಆಳು ಬೊಮ್ಮನಿಗೆ ಏಡನ್‌ನ ಸಾಹುಕಾರರು ಓಲೆಯಲ್ಲಿ ಸಲಾಮು ಹೇಳುತ್ತಾರೆ, ಅದು ಅಪರೂಪ. ಉಳಿದವರಿಗೆ ತುಳುವಿನ ಪಾಡ್ದನ, ಅಂದರೆ ದೈವಗಳ ಕಥೆ ಹೇಳುವ ಹಾಡು, ಕೇಳಬೇಕು. ಮೀನುಗಾರ ಮೊಗವೀರರು ನಂಬುವ ದೈವ ಬೊಬ್ಬರ್ಯನ ತಂದೆ ಮುಸ್ಲಿಂ ವ್ಯಾಪಾರಿ, ತಾಯಿ ಜೈನ ಹೆಣ್ಣು ಅಂತ ಪಾಡ್ದನ ಹೇಳುತ್ತದೆ. ಇದರಲ್ಲಿ ಇಸವಿ ಹುಡುಕಬಾರದು. ಆದರೆ ಹೊರಗಿಂದ ಬಂದ ವರ್ತಕರು ಇಲ್ಲೇ ಸಂಸಾರ ಹೂಡುತ್ತಿದ್ದರು ಅನ್ನುವ ನೆನಪು ಇದರಲ್ಲಿದೆ, ಮತ್ತು ಬೆನ್ ಯಿಜುವಿನ ಮಕ್ಕಳ ತಾಯಿ ಅಶುವೇ ಅಂತ ವಿದ್ವಾಂಸರು ಹೇಳುವುದನ್ನು ಇದರ ಪಕ್ಕ ಇಟ್ಟು ನೋಡಿ.

ಪ್ರಶ್ನೆ: ನಮ್ಮ ಮಸೀದಿ 7ನೇ ಶತಮಾನದ್ದು ಅಂತ ಹಿರಿಯರು ಹೇಳುತ್ತಾರೆ. ಇತಿಹಾಸಕಾರರು ಒಪ್ಪುತ್ತಾರಾ?

ಉತ್ತರ: ಅರೇಬಿಯಾದಿಂದ ಇಸ್ಲಾಂ ಸಾರಲು ಬಂದರು ಅನ್ನುವ ಮಾಲಿಕ್ ದೀನಾರ್ ಬಳಗದವರು ಕೊಡುಂಗಲ್ಲೂರಿನಿಂದ ಹಿಡಿದು ಮಂಗಳೂರು, ಬಾರಕೂರಿನವರೆಗೆ ಮಸೀದಿ ಕಟ್ಟಿದರು ಅನ್ನುವ ಕಥೆ ಇಡೀ ಕರಾವಳಿಯದು. ಅದು ನಮಗೆ ಬರಹದಲ್ಲಿ ಸಿಗುವುದು ಬಹಳ ತಡವಾಗಿ. 16ನೇ ಶತಮಾನದಲ್ಲಿ ಕೇರಳದ ಪೊನ್ನಾನಿಯ ವಿದ್ವಾಂಸ ಝೈನುದ್ದೀನ್ ಮಖ್ದೂಮ್ ಅದನ್ನು ಬರೆಯುವಾಗಲೇ, ಇದು ಪ್ರವಾದಿಯವರ ಕಾಲದ್ದಲ್ಲ, ಹಿಜರಿ 200ರ (ಕ್ರಿ.ಶ. 9ನೇ ಶತಮಾನದ ಆರಂಭ) ನಂತರದ್ದಿರಬೇಕು ಅಂತ ಅಭಿಪ್ರಾಯಪಟ್ಟಿದ್ದಾರೆ. ನಾನೂ ಇಸವಿಯನ್ನು ಒತ್ತಿ ಹೇಳುವುದಿಲ್ಲ. ಆದರೆ ಆ ಕಥೆಯಲ್ಲಿ ಬರುವ ಊರುಗಳ ಪಟ್ಟಿ ಇದೆಯಲ್ಲ, ಅದು ಹಳೇ ಬಂದರುಗಳದೇ ಪಟ್ಟಿ. ಅದಕ್ಕೆ ಬೆಲೆ ಇದೆ.

ನಿಮ್ಮ ಮಸೀದಿ, ದೇವಸ್ಥಾನ, ಬಸದಿಯ ಅಂಗಳದಲ್ಲಿ ಬರಹ ಇರುವ ಕಲ್ಲು ಇದ್ದರೆ ದಯವಿಟ್ಟು ಪೇಂಟ್ ಹೊಡೆಸಬೇಡಿ, ಆ್ಯಸಿಡ್ ಹಾಕಿ ತಿಕ್ಕಬೇಡಿ, ಜೀರ್ಣೋದ್ಧಾರದ ಹೊತ್ತಿಗೆ ತಳಪಾಯಕ್ಕೆ ಸೇರಿಸಬೇಡಿ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಮೈಸೂರಿನಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ಇದೆ, ಫೋಟೋ ಅಲ್ಲಿಗೆ ಕಳಿಸಿ.