ಮೂಳೆ ಸವೆತದ ಇಂಜೆಕ್ಷನ್: ಜ್ವರಕ್ಕಿಂತ ತಾರೀಖಿನ ಮೇಲೆ ಕಣ್ಣಿರಲಿ

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಬೆನ್ನೆಲುಬಿನ ಒಂದು ಮಣಿ ಕುಸಿದಿದೆ ಎಂದು ಎಕ್ಸ್‌-ರೇಯಲ್ಲಿ ಗೊತ್ತಾದ ಮೇಲೆ ಜೋಲೆಡ್ರಾನಿಕ್ ಆಸಿಡ್ ಡ್ರಿಪ್ ಹಾಕಿಸಿದೆವು. ಮಾರನೇ ದಿನ ಚಳಿ, 101 ಡಿಗ್ರಿ ಜ್ವರ, ತಲೆ ಬಾಚಲು ಕೈ ಎತ್ತಲಾಗದಷ್ಟು ಮೈಕೈ ನೋವು. ನಾಲ್ಕನೇ ದಿನಕ್ಕೆ ಎಲ್ಲ ಇಳಿಯಿತು. ಈಗ ಎರಡನೇ ವರ್ಷದ ಡ್ರಿಪ್‌ಗೆ ಸುತಾರಾಂ ಒಪ್ಪುತ್ತಿಲ್ಲ. ಅವರ ಗೆಳತಿಯೊಬ್ಬರು ಆರು ತಿಂಗಳಿಗೊಮ್ಮೆ ಬೇರೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ, ಅವರಿಗೆ ಏನೂ ಆಗಿಲ್ಲವಂತೆ. ಅದಕ್ಕೆ ಬದಲಾಯಿಸಬಹುದೇ? ದವಡೆ ಮೂಳೆ ಕೊಳೆಯುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಔಷಧದ ಹೆಸರು ಬರೆದಿದ್ದೀರಿ, ಅದಕ್ಕೇ ಅರ್ಧ ಕೆಲಸ ಹಗುರವಾಯಿತು. ಬಹಳಷ್ಟು ಜನ ‘ಮೂಳೆ ಇಂಜೆಕ್ಷನ್’ ಎಂದಷ್ಟೇ ಹೇಳುತ್ತಾರೆ. ಆದರೆ ಈ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಔಷಧಗಳಿವೆ. ಒಂದರ ತೊಂದರೆಯನ್ನು ಇನ್ನೊಂದಕ್ಕೆ ಅಂಟಿಸಿದರೆ ಲೆಕ್ಕವೇ ತಪ್ಪುತ್ತದೆ.

ತಾಯಿಗೆ ಬಂದದ್ದು ಅಲರ್ಜಿಯಲ್ಲ. ಔಷಧ ಮೈಗೆ ಸೇರಿದಾಗ ಒಂದು ಬಗೆಯ ಬಿಳಿ ರಕ್ತಕಣಗಳು ಕೆರಳಿ, ಫ್ಲೂ ಬಂದಾಗ ಹೊರಡುವಂಥದ್ದೇ ರಾಸಾಯನಿಕಗಳನ್ನು ಬಿಡುತ್ತವೆ. ಚಳಿ, ಜ್ವರ, ನೋವು ಎಲ್ಲ ಅದರಿಂದಲೇ. ಸಾಮಾನ್ಯವಾಗಿ ಮೂರು ದಿನದೊಳಗೆ ಶುರುವಾಗಿ ಮತ್ತೆರಡು ಮೂರು ದಿನಗಳಲ್ಲಿ ಇಳಿಯುತ್ತದೆ. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮೊದಲ ಡ್ರಿಪ್ ನಂತರ ನೂರಕ್ಕೆ ಸುಮಾರು 32 ಜನರಿಗೆ ಹೀಗಾಗಿತ್ತು. ಎರಡನೇ ವರ್ಷ ಅದು 7ಕ್ಕೆ, ಮೂರನೇ ವರ್ಷ 3ಕ್ಕೆ ಇಳಿಯಿತು. ಅಂದರೆ ತಾಯಿ ಕಷ್ಟದ ಭಾಗವನ್ನು ಬಹುಮಟ್ಟಿಗೆ ದಾಟಿಯಾಗಿದೆ. ಅದೇ ಪ್ರಯೋಗದಲ್ಲಿ ಮೂರು ವರ್ಷಗಳಲ್ಲಿ ಬೆನ್ನೆಲುಬಿನ ಮುರಿತ ಶೇ 70ರಷ್ಟು, ಸೊಂಟದ ಮುರಿತ ಶೇ 41ರಷ್ಟು ಕಡಿಮೆಯಾಗಿತ್ತು. ಒಂದು ಮಣಿ ಆಗಲೇ ಕುಸಿದಿರುವವರಿಗೆ ಇದು ಸಣ್ಣ ಲಾಭವಲ್ಲ.

ಈ ಸಲ ಡ್ರಿಪ್‌ಗೆ ಮೊದಲೇ ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ಮೂರನ್ನೂ ನೋಡಿಸಿ. ಕಿಡ್ನಿ ಶಕ್ತಿ ತೀರಾ ಇಳಿದಿದ್ದರೆ, ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ, ಈ ಡ್ರಿಪ್ ಕೊಡುವಂತಿಲ್ಲ. ಅಂದು ನೀರು ಚೆನ್ನಾಗಿ ಕುಡಿಸಿ. 15 ನಿಮಿಷಕ್ಕಿಂತ ಬೇಗ ಹರಿಸಬಾರದು. ಅರ್ಧ ಗಂಟೆ ಹಿಡಿದರೆ ಇನ್ನೂ ಒಳ್ಳೆಯದು. ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ಅನ್ನು ಅಂದೇ ಶುರುಮಾಡಿ, ಜ್ವರ ಬರಲಿ ಎಂದು ಕಾಯಬೇಡಿ. ಕಣ್ಣು ಕೆಂಪಾಗಿ ನೋಯತೊಡಗಿದರೆ ಅದು ಈ ಜ್ವರದ ಲೆಕ್ಕಕ್ಕೆ ಬರುವುದಿಲ್ಲ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ಇನ್ನು ಗೆಳತಿಯ ಇಂಜೆಕ್ಷನ್. ಅದು ಬಹುಶಃ ಡೆನೋಸುಮ್ಯಾಬ್, 60 ಮಿಲಿಗ್ರಾಂ, ಚರ್ಮದಡಿ ಚುಚ್ಚುವಂಥದ್ದು. ಚುಚ್ಚಿದ ದಿನ ತೊಂದರೆ ಕಡಿಮೆ, ನಿಜ. ಅದರ ಅಪಾಯ ಇರುವುದು ಬಿಟ್ಟ ಮೇಲೆ. ಜೋಲೆಡ್ರಾನಿಕ್ ಆಸಿಡ್ ಮೂಳೆಯೊಳಗೇ ಸೇರಿಕೊಂಡು ವರ್ಷಗಟ್ಟಲೆ ಇರುತ್ತದೆ. ಒಂದೆರಡು ತಿಂಗಳು ತಡವಾದರೆ ಆಕಾಶ ಕಳಚಿ ಬೀಳದು. ಡೆನೋಸುಮ್ಯಾಬ್ ಹಾಗಲ್ಲ. ಆರು ತಿಂಗಳು ಕಳೆಯುತ್ತಿದ್ದಂತೆ ಅದರ ಹಿಡಿತ ಸಡಿಲವಾಗುತ್ತದೆ, ಅಷ್ಟು ದಿನ ಅದುಮಿಟ್ಟಿದ್ದ ಮೂಳೆ ಕರಗಿಸುವ ಕಣಗಳು ಒಮ್ಮೆಲೇ ಮೇಲೇಳುತ್ತವೆ. ಗಳಿಸಿದ್ದ ಮೂಳೆ ಕರಗುತ್ತದೆ, ಕೆಲವರಿಗೆ ಬೆನ್ನೆಲುಬಿನ ಎರಡು ಮೂರು ಮಣಿಗಳು ಒಟ್ಟಿಗೇ ಕುಸಿಯುತ್ತವೆ. ನನ್ನಲ್ಲಿಗೆ ಬಂದ ಒಬ್ಬರು ಐದು ಡೋಸ್ ತಪ್ಪದೆ ತೆಗೆದುಕೊಂಡು, ಸ್ಕ್ಯಾನ್ ಚೆನ್ನಾಗಿದೆ ಎಂದು ತಾವೇ ನಿಲ್ಲಿಸಿದ್ದರು. ಕೊನೆಯ ಡೋಸ್ ಆಗಿ ಹನ್ನೊಂದನೇ ತಿಂಗಳಲ್ಲಿ ನೀರಿನ ಬಕೆಟ್ ಎತ್ತುವಾಗ ಬೆನ್ನು ಹಿಡಿದುಕೊಂಡಿತು. ಎಕ್ಸ್‌-ರೇ ನೋಡಿದರೆ ಮೂರು ಮಣಿ. ನಿಲ್ಲಿಸಿದರೆ ಹೀಗಾಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಆದ್ದರಿಂದ ಮೂರು ದಿನದ ಜ್ವರವೊಂದಕ್ಕಾಗಿ ಬದಲಾಯಿಸಿ ಎಂದು ನಾನು ಹೇಳಲಾರೆ. ಕಿಡ್ನಿ ದುರ್ಬಲವಾಗಿರುವಂಥ ಬೇರೆ ಕಾರಣವಿದ್ದರೆ ಬದಲಾಯಿಸಬೇಕಾಗಬಹುದು. ಆದರೆ ಕಿಡ್ನಿ ಕಾಯಿಲೆ ಬಹಳ ಮುಂದುವರಿದಿದ್ದರೆ, ಅದರಲ್ಲೂ ಡಯಾಲಿಸಿಸ್‌ನಲ್ಲಿದ್ದರೆ, ಡೆನೋಸುಮ್ಯಾಬ್‌ನಿಂದ ರಕ್ತದ ಕ್ಯಾಲ್ಸಿಯಂ ಜೀವಕ್ಕೇ ಅಪಾಯವಾಗುವಷ್ಟು ಕುಸಿಯಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಇದಕ್ಕೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿತು. ಗೆಳತಿಗೂ ಒಂದು ಮಾತು ಹೇಳಿ: ಮುಂದಿನ ತಾರೀಖನ್ನು ಈಗಲೇ ಬರೆದಿಟ್ಟುಕೊಳ್ಳಲಿ, ಒಂದು ತಿಂಗಳಿಗಿಂತ ಹೆಚ್ಚು ತಡ ಬೇಡವೇ ಬೇಡ. ನಿಲ್ಲಿಸಲೇಬೇಕಾದರೆ ಆ ಜಾಗಕ್ಕೆ ಇನ್ನೊಂದು ಔಷಧ ಬರಲೇಬೇಕು. ಹೆಚ್ಚಾಗಿ ಕೊಡುವುದು ಏನು ಗೊತ್ತೇ? ನಿಮ್ಮ ತಾಯಿ ಬೇಡವೆನ್ನುತ್ತಿರುವ ಅದೇ ಡ್ರಿಪ್!

ದವಡೆಯ ಮಾತು ಸುಳ್ಳಲ್ಲ, ಆದರೆ ಅಳತೆ ಮೀರಿ ಹಬ್ಬಿದೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ವರ್ಷಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಆಗುವಷ್ಟು ಅಪರೂಪ. ಹೆಚ್ಚು ಕಾಣುವುದು ಕ್ಯಾನ್ಸರ್ ರೋಗಿಗಳಲ್ಲಿ. ಅವರಿಗೆ ಇವೇ ಔಷಧಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಕೀಳಿಸಬೇಕಾದ ಹಲ್ಲಿದ್ದರೆ ಡ್ರಿಪ್‌ಗೆ ಮುಂಚೆ ಕೀಳಿಸಿ, ಹುಣ್ಣು ಮಾಗಲಿ.

ಪ್ರಶ್ನೆ: ನನಗೆ 61. ದಿನವೂ ಪೆನ್ನಿನಂಥ ಸಾಧನದಲ್ಲಿ ಟೆರಿಪ್ಯಾರಟೈಡ್ ಚುಚ್ಚಿಕೊಳ್ಳುತ್ತಿದ್ದೇನೆ. ಹತ್ತು ದಿನವಾಯಿತು. ಚುಚ್ಚಿಕೊಂಡು ಎದ್ದರೆ ತಲೆ ತಿರುಗುತ್ತದೆ, ಎದೆ ಡವಗುಟ್ಟುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಇದರಿಂದ ಮೂಳೆ ಕ್ಯಾನ್ಸರ್ ಬರುತ್ತದೆಂದೂ ಕೇಳಿದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಚುಚ್ಚಿಕೊಳ್ಳುವ ಹೊತ್ತು ಬದಲಾಯಿಸಿ. ಮೊದಲ ಕೆಲವು ಡೋಸ್‌ಗಳ ನಂತರದ ನಾಲ್ಕು ಗಂಟೆಯೊಳಗೆ, ಎದ್ದು ನಿಂತಾಗ ಬಿ.ಪಿ. ಇಳಿಯುವುದುಂಟು. ರಾತ್ರಿ ಎಲ್ಲ ಕೆಲಸ ಮುಗಿಸಿ, ಹಾಸಿಗೆಯ ಅಂಚಿನಲ್ಲಿ ಕೂತು ಚುಚ್ಚಿಕೊಂಡು ಹಾಗೇ ಮಲಗಿಬಿಡಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಎರಡು ವಾರದ ನಂತರವೂ ಇದು ಮುಂದುವರಿದರೆ ಅಥವಾ ಪ್ರಜ್ಞೆ ತಪ್ಪಿದರೆ ಕಾಯಬೇಡಿ. ಕಾಲು ಹಿಡಿತಕ್ಕೆ ಒಮ್ಮೆ ಕ್ಯಾಲ್ಸಿಯಂ ನೋಡಿಸಿ.

ಕ್ಯಾನ್ಸರ್ ಕಂಡದ್ದು ಅತಿ ಹೆಚ್ಚು ಪ್ರಮಾಣ ಕೊಟ್ಟ ಇಲಿಗಳಲ್ಲಿ. ಮನುಷ್ಯರಲ್ಲಿ ವರ್ಷಗಳ ಕಾಲ ನೋಡಿದರೂ ಆತಂಕ ಪಡುವಂಥದ್ದು ಸಿಗದೆ, 2020ರಲ್ಲಿ ಆ ಎಚ್ಚರಿಕೆಯನ್ನು ಅಮೆರಿಕದಲ್ಲಿ ತೆಗೆದುಹಾಕಿದರು. ಪೆನ್ನನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಸೂಜಿ ಸಿಕ್ಕಿಸಿಯೇ ಇಡಬೇಡಿ, ಗಾಳಿಗುಳ್ಳೆ ಸೇರುತ್ತದೆ. 28 ದಿನದ ಮೇಲೆ ಒಳಗೆ ಮದ್ದು ಉಳಿದಿದ್ದರೂ ಎಸೆಯಿರಿ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಈ ಕೋರ್ಸ್ ಮುಗಿಯುತ್ತದೆ, ಆಮೇಲೆ ಬೇರೆ ಔಷಧ ಬೇಕು. ಇಲ್ಲದಿದ್ದರೆ ಕಟ್ಟಿದ ಮೂಳೆ ಕೈಜಾರುತ್ತದೆ.

ಪ್ರಶ್ನೆ: ಐದು ವರ್ಷದಿಂದ ವರ್ಷಕ್ಕೊಮ್ಮೆ ಡ್ರಿಪ್ ಆಗುತ್ತಿದೆ. ಎರಡು ತಿಂಗಳಿಂದ ಬಲತೊಡೆಯ ನಡುವೆ ಒಂದೇ ಸಮ ಮಂದ ನೋವು. ಬಿದ್ದಿಲ್ಲ.

ಉತ್ತರ: ಎಣ್ಣೆ ತಿಕ್ಕುತ್ತಾ ಕೂರಬೇಡಿ. ಈ ಔಷಧಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಮೂಳೆಯ ಹೊರಮೈಯಲ್ಲಿ ಸಣ್ಣ ಬಿರುಕು ಮೂಡಿ, ಮುರಿಯುವ ಮುನ್ನ ವಾರಗಟ್ಟಲೆ ಹೀಗೇ ನೋಯುತ್ತದೆ. ಸೊಂಟದಿಂದ ಮೊಣಕಾಲಿನವರೆಗೆ ಪೂರ್ತಿ ತೊಡೆಮೂಳೆಯ ಎಕ್ಸ್‌-ರೇ ಈ ವಾರವೇ ಆಗಲಿ. ಎಡಗಾಲಿನದೂ ತೆಗೆಸಿ, ಬಿರುಕು ಎರಡೂ ಕಡೆ ಇರುವುದುಂಟು. ಎಕ್ಸ್‌-ರೇಯಲ್ಲಿ ಏನೂ ಕಾಣದೆ ನೋವು ಹಾಗೇ ಇದ್ದರೆ ಎಂ.ಆರ್.ಐ. ಕೇಳಿ. ಅಲ್ಲಿಯವರೆಗೆ ಮುಂದಿನ ಡ್ರಿಪ್ ಬೇಡ. ಕೋಲು ಹಿಡಿದು, ಬಲಗಾಲಿನ ಮೇಲೆ ಭಾರ ಬಿಡದೆ ನಡೆಯಿರಿ.