ಪರ್ಮಿಟ್ ರೂಮಿನ ಗಲ್ಲಾದಿಂದ: ಧೂಮಪಾನ ನಿಷೇಧ ಯಾರಿಗಾಗಿ?

ನೀವು ಕೇಳಿದ್ದು ಹೀಗೆ: "ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸುವುದು ವ್ಯಕ್ತಿಸ್ವಾತಂತ್ರ್ಯವನ್ನು ಕಸಿದುಕೊಂಡಂತೆ ಅಲ್ಲವೇ? ಮುಂಬಯಿಯಂಥ ಊರಿನಲ್ಲಿ ಕಾನೂನು ಇದ್ದೂ ಜನ ಸೇದುತ್ತಲೇ ಇದ್ದಾರೆ. ಹಾಗಾದರೆ ಈ ನಿಷೇಧದಿಂದ ಯಾರಿಗೆ ಏನು ಲಾಭ?"

ಕೊನೆಯ ತುಂಡಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ಲಾಭ ಪಡೆದವರಲ್ಲಿ ನಾನೂ ಒಬ್ಬ. ಊರು ಕುಂದಾಪುರದ ಕಡೆ. ಮುಂಬಯಿ ಉಪನಗರದ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಮದ್ಯದ ಪರವಾನಗಿ ಇರುವ ಬಾರ್-ಹೋಟೆಲಿನಲ್ಲಿ, ವೇಟರ್ ಆಗಿ ಸೇರಿದವನು, ಈಗ ಇನ್ನೊಂದರಲ್ಲಿ ಮ್ಯಾನೇಜರ್ ಆಗಿ ಗಲ್ಲಾದಲ್ಲಿ ಕೂರುತ್ತೇನೆ. ಸಿಗರೇಟು ಸೇದುವ ಅಭ್ಯಾಸ ನನಗಿಲ್ಲ. ಆದರೆ 2008ಕ್ಕೆ ಮೊದಲು ಸೇದದೆ ಇದ್ದೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ.

ಈ ವಾದ ಎಲ್ಲಿ ನಡೆದರೂ ಇಬ್ಬರೇ ಜಗಳವಾಡುತ್ತಾರೆ. ಒಬ್ಬ ಸೇದುವ ಗಿರಾಕಿ, ಇನ್ನೊಬ್ಬ ಪಕ್ಕದ ಮೇಜಿನಲ್ಲಿ ಮೂಗು ಮುಚ್ಚಿಕೊಂಡ ಗಿರಾಕಿ. ಇಬ್ಬರೂ ಬೇಡವೆನಿಸಿದರೆ ಬಿಲ್ಲು ಕೊಟ್ಟು ಎದ್ದು ಹೋಗಬಹುದು. ಎದ್ದು ಹೋಗಲಾರದ ಮೂರನೆಯವನೊಬ್ಬ ಅಲ್ಲೇ ಟ್ರೇ ಹಿಡಿದು ನಿಂತಿರುತ್ತಾನೆ. ಬೆಳಿಗ್ಗೆ ಬಂದವನು, ಮಧ್ಯಾಹ್ನದ ಬಿಡುವು ಬಿಟ್ಟರೆ, ನಡುರಾತ್ರಿ ಷಟರ್ ಎಳೆಯುವವರೆಗೆ ಅದೇ ಕೋಣೆಯ ಗಾಳಿ ಕುಡಿಯುತ್ತಾನೆ. ಅವನ ಸ್ವಾತಂತ್ರ್ಯದ ಬಗ್ಗೆ ಯಾರೂ ಪ್ರಶ್ನೆ ಹಾಕಿದ್ದನ್ನು ನಾನು ನೋಡಿಲ್ಲ.

ಆಗಿನ ಎಸಿ ರೂಮು ಹೇಗಿತ್ತು ಎಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಪ್ರತಿ ಮೇಜಿಗೂ ಒಂದು ಆಶ್‌ಟ್ರೇ. ಅದರಲ್ಲಿ ಬೂದಿಯ ಜೊತೆಗೆ ಕಡಲೆಕಾಯಿಯ ಸಿಪ್ಪೆ, ಹಿಂಡಿದ ನಿಂಬೆಹೋಳು, ಚೆಲ್ಲಿದ ಸೋಡಾದಲ್ಲಿ ನೆನೆದು ಉಬ್ಬಿದ ಸಿಗರೇಟಿನ ತುಂಡುಗಳು. ಗಿರಾಕಿ ಎದ್ದ ಕೂಡಲೇ ಅದನ್ನು ಬಕೆಟ್ಟಿಗೆ ಬಗ್ಗಿಸಿ, ಒರೆಸಿ, ಮತ್ತೆ ಇಡಬೇಕು. ಕೈಗೆ ಎಷ್ಟು ಸೋಪು ಹಾಕಿದರೂ ಊಟಕ್ಕೆ ಕುಳಿತಾಗ ಅನ್ನದ ತುತ್ತಿನಲ್ಲಿ ಅದೇ ವಾಸನೆ. ಚಾವಣಿಯ ಬಿಳಿ ಬಣ್ಣ ವರ್ಷ ತುಂಬುವುದರೊಳಗೆ ಹಳದಿಗೆ ತಿರುಗುತ್ತಿತ್ತು. ಎಸಿಯ ಫಿಲ್ಟರ್ ಜಾಲರಿಯನ್ನು ಬಿಚ್ಚಿ ಸೋಡಾ ಪುಡಿ ಹಾಕಿ ತೊಳೆಯುವ ಕೆಲಸ ಕಿರಿಯ ವೇಟರ್‌ಗಳದ್ದು. ಮೋರಿಗೆ ಇಳಿಯುವ ನೀರು ಚಹಾದ ಡಿಕಾಕ್ಷನ್ನಿನಂತೆ ಇರುತ್ತಿತ್ತು. ಜಾಲರಿಗೆ ಅಂಟಿದ್ದು ಅದು. ನಮ್ಮೊಳಗೆ ಹೋದದ್ದನ್ನು ತೊಳೆಯುವವರು ಯಾರೂ ಇರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಬೇಕು, ಏಕೆಂದರೆ "ಒಳ್ಳೆಯ ಎಸಿ ಹಾಕಿಸಿ, ಹೊಗೆ ತಾನಾಗಿ ಹೋಗುತ್ತದೆ" ಎನ್ನುವ ಗಿರಾಕಿಗಳು ಈಗಲೂ ಇದ್ದಾರೆ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಅದೇ ಕೋಣೆಗೆ ಬಿಡುತ್ತದೆ. ಎಕ್ಸಾಸ್ಟ್ ಫ್ಯಾನು ಹಾಕಿದರೆ ಹೊಗೆಯ ಜೊತೆ ತಂಪೂ ಹೊರಗೆ ಹೋಗುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಆದ್ದರಿಂದ ಮಾಲಿಕ ಕಂಡರೆ ಆ ಫ್ಯಾನು ಬಂದ್. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯ ಅಧಿಕಾರಿ) ವರದಿ ಇದನ್ನೇ ಹೇಳಿತು: ಪರೋಕ್ಷ ಧೂಮಪಾನದಲ್ಲಿ, ಅಂದರೆ ಬೇರೆಯವರ ಹೊಗೆ ಕುಡಿಯುವುದರಲ್ಲಿ, ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ, ಸೇದುವವರನ್ನು ಪ್ರತ್ಯೇಕ ಮೂಲೆಯಲ್ಲಿ ಕೂರಿಸುವುದರಿಂದಾಗಲಿ, ಗಾಳಿ ಶುದ್ಧೀಕರಿಸುವ ಯಂತ್ರದಿಂದಾಗಲಿ ಒಳಾಂಗಣದಲ್ಲಿ ಅದನ್ನು ಪೂರ್ತಿ ತಪ್ಪಿಸಲು ಆಗದು. ಇನ್ನೂ ಹಿಂದೆ, 1981ರಲ್ಲೇ, ಜಪಾನಿನ ತಕೇಶಿ ಹಿರಯಾಮ ಎಂಬ ಸಂಶೋಧಕರು, ವಿಪರೀತ ಸೇದುವ ಗಂಡಂದಿರ ಜೊತೆ ಬಾಳುವ, ತಾವು ಸಿಗರೇಟು ಮುಟ್ಟದ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು ತೋರಿಸಿದ್ದರು. ಅಲ್ಲಿ ಒಬ್ಬ ಗಂಡ. ಇಲ್ಲಿ ವೇಟರ್‌ನ ಸುತ್ತ ದಿನವೂ ತುಂಬಿದ ಮೇಜುಗಳು.

ಐರ್ಲೆಂಡ್ 2004ರ ಮಾರ್ಚ್ 29ರಂದು ಪಬ್ಬುಗಳೂ ಸೇರಿ ಬಹುತೇಕ ಎಲ್ಲ ಒಳಾಂಗಣ ಕೆಲಸದ ಜಾಗಗಳಲ್ಲಿ ಸೇದುವುದನ್ನು ನಿಲ್ಲಿಸಿದಾಗ ಮುಂದಿಟ್ಟ ಕಾರಣವೂ ಕೆಲಸಗಾರರ ಆರೋಗ್ಯವೇ. ಪಬ್ಬನ್ನು ಬಿಟ್ಟು ಐರಿಷ್ ಜನರ ಬದುಕನ್ನು ಊಹಿಸುವುದು ಕಷ್ಟ; ಅಂಥ ದೇಶದಲ್ಲಿ ಅದು ನಡೆಯಿತು. ಆಮೇಲೆ ಡಬ್ಲಿನ್ನಿನ ಬಾರ್ ಕೆಲಸಗಾರರನ್ನು ಪರೀಕ್ಷಿಸಿದಾಗ, ಸೇದದವರ ಉಸಿರಾಟ ಸುಧಾರಿಸಿದ್ದು ಕಂಡುಬಂತು. ನಮ್ಮಲ್ಲಿ ಈ ವಾದವನ್ನು ಯಾರೂ ಈ ದಾರಿಯಲ್ಲಿ ನಡೆಸಲಿಲ್ಲ. ಶೀಲ, ಶಿಸ್ತು, ಯುವಕರ ಭವಿಷ್ಯ ಎಂದೇ ಭಾಷಣ ಮಾಡಿದರು. ಅದಕ್ಕೇ ಇದು ನಿಮ್ಮಂಥವರಿಗೆ ಉಪದೇಶದ ಕಾನೂನಿನಂತೆ ಕಾಣುತ್ತದೆ.

ಕಾನೂನಿನ ಕಥೆಯಲ್ಲಿ ಮುಂಬಯಿಗೆ ದೊಡ್ಡ ಪಾಲಿದೆ. ಈ ನಗರದ ಮೇಯರ್ ಆಗಿದ್ದ, ದಕ್ಷಿಣ ಮುಂಬಯಿಯಿಂದ ಸಂಸದರಾಗಿದ್ದ ಮುರಳಿ ದೇವರಾ ಸುಪ್ರೀಂ ಕೋರ್ಟಿಗೆ ಹೋದರು. 2001ರ ನವೆಂಬರ್ 2ರಂದು ಬಂದ ಆದೇಶ ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ಬಸ್ಸು, ರೈಲುಗಳಲ್ಲಿ ಸೇದುವುದನ್ನು ನಿಷೇಧಿಸಿತು. ಪಕ್ಕದ ಗೋವಾ ಅದಕ್ಕೂ ಮೊದಲೇ, 1997ರಲ್ಲಿ, ಧೂಮಪಾನಕ್ಕೂ ಉಗುಳುವುದಕ್ಕೂ ಸೇರಿಸಿ ತನ್ನದೇ ಕಾಯ್ದೆ ಮಾಡಿತ್ತು. 2003ರಲ್ಲಿ ಇಡೀ ದೇಶಕ್ಕೆ ತಂಬಾಕು ನಿಯಂತ್ರಣ ಕಾಯ್ದೆ ಬಂತು. ಆದರೆ ನಮ್ಮ ಧಂದೆಯ ಕುತ್ತಿಗೆಗೆ ಬಂದದ್ದು 2008ರ ಗಾಂಧಿ ಜಯಂತಿಯ ದಿನ. ಅಂದು ಜಾರಿಯಾದ ನಿಯಮಗಳು ಬಾರು, ಪಬ್ಬು, ಹೋಟೆಲು, ಮಾಲು, ಸಿನಿಮಾ ಮಂದಿರ, ಖಾಸಗಿ ಕಚೇರಿ ಎಲ್ಲವನ್ನೂ ಒಳಗೆ ಎಳೆದುಕೊಂಡವು.

ಆಗ ನಮ್ಮ ಹೋಟೆಲ್ ವಲಯದಲ್ಲಿ ಹಬ್ಬಿದ ಭಯ ನೆನಪಿದೆ. ಕುಡಿಯುವ ಕೈಗೆ ಸಿಗರೇಟು ಬೇಡವೇ, ಗಿರಾಕಿ ಬಾಟಲಿ ಕೊಂಡು ಮನೆಗೇ ಹೋಗುತ್ತಾನೆ, ಇನ್ನು ಊರಿನ ಬಸ್ಸು ಹತ್ತುವುದೊಂದೇ ದಾರಿ ಎಂದು ಹಿರಿಯ ಮಾಲಿಕರೇ ಹೇಳುತ್ತಿದ್ದರು. ಯಾರೂ ಬಸ್ಸು ಹತ್ತಲಿಲ್ಲ. ಗಿರಾಕಿಗಳು ಮೊದಲ ಕೆಲವು ವಾರ ಗೊಣಗಿದರು, ಆಮೇಲೆ ಪೆಗ್ಗಿನ ನಡುವೆ ಎದ್ದು ಹೊರಗೆ ಹೋಗಿ ಸೇದಿ ಬರುವುದನ್ನು ರೂಢಿ ಮಾಡಿಕೊಂಡರು. ಹೆಂಗಸರು ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಬರುವ ಸಂಸಾರಗಳು ನಮ್ಮಲ್ಲಿ ಹೆಚ್ಚಾದದ್ದು ಅದರ ನಂತರವೇ. ಬಿಲ್ಲು ಕೊಡದೆ ಸೇದುವ ನೆಪದಲ್ಲಿ ಹೊರಗೆ ಹೋಗಿ ಮಾಯವಾಗುವವರು ಹುಟ್ಟಿಕೊಂಡರು ಎಂಬುದೂ ನಿಜ, ಆ ನಷ್ಟವನ್ನು ಕಾನೂನು ಮಾಡಿದವರು ಲೆಕ್ಕ ಹಾಕಿರಲಿಕ್ಕಿಲ್ಲ.

ಈಗ ನಿಮ್ಮ ಎರಡನೆಯ ಮಾತು, ಎಲ್ಲರೂ ಸೇದುತ್ತಲೇ ಇದ್ದಾರಲ್ಲ ಎನ್ನುವುದು. ಎಲ್ಲಿ ಸೇದುತ್ತಾರೆ ಎಂದು ಸ್ವಲ್ಪ ಗಮನಿಸಿ. ಅಂಧೇರಿಯ ಕಚೇರಿಗಳ ಕೆಳಗೆ, ಲೋವರ್ ಪರೇಲಿನ ಗಲ್ಲಿಗಳಲ್ಲಿ, ಸ್ಟೇಷನ್ನಿನ ಹೊರಗಿನ ಚಹಾದ ಟಪರಿಯಲ್ಲಿ, ಪಾನ್‌ಪಟ್ಟಿಯ ಮುಂದೆ. ಎಸಿ ರೂಮಿನೊಳಗೆ ಸೇದುವವನು ಈಗ ಸಿಗುವುದು ಅಪರೂಪ. ಇದಕ್ಕೆ ಕಾರಣ ಮುಂಬಯಿಗರ ಸಜ್ಜನಿಕೆ ಎಂದು ನಾನು ಹೇಳಲಾರೆ. ನನ್ನ ಹಿಂದಿನ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಕಾಗದಗಳೇ ಕಾರಣ: ಮದ್ಯ ಮಾರಲು ಅಬಕಾರಿಯವರು ಕೊಡುವ ಎಫ್‌ಎಲ್-3 ಪರವಾನಗಿ, ಮಹಾನಗರಪಾಲಿಕೆಯ ಆರೋಗ್ಯ ಪರವಾನಗಿ, ಹೀಗೆ ಒಂದೊಂದು ಇಲಾಖೆಯದ್ದು ಒಂದೊಂದು. ನಿಯಮದ ಪ್ರಕಾರ ದೂರು ಬಂದರೂ ಮಾಲಿಕ ಸುಮ್ಮನಿದ್ದರೆ, ಒಳಗೆ ಎಷ್ಟು ಜನ ಸೇದಿದರೋ ಅಷ್ಟೂ ದಂಡ ಅವನ ತಲೆಗೆ. ದಂಡ ಸಣ್ಣದು. ಆದರೆ ಇನ್ಸ್‌ಪೆಕ್ಟರ್ ಬಾಗಿಲಿಗೆ ಬರಲು ಒಂದು ನೆಪ ಸಿಕ್ಕಿತು ಎನ್ನುವುದು ಸಣ್ಣದಲ್ಲ. ಆದ್ದರಿಂದ ಗಿರಾಕಿ ಲೈಟರ್ ತೆಗೆದ ಕೂಡಲೇ ಮಾಲಿಕನೇ ಪೊಲೀಸನಾಗುತ್ತಾನೆ. ಬಸ್ ಸ್ಟಾಪಿಗೆ ಅಂಥ ಮಾಲಿಕ ಇಲ್ಲ. ಅಲ್ಲಿಯೂ ಸೇದುವಂತಿಲ್ಲ ಎಂದು 2008ರ ನಿಯಮ ಸ್ಪಷ್ಟವಾಗಿ ಹೇಳುತ್ತದೆ, ಆದರೆ ಕೇಳುವವರಿಲ್ಲ. ಕಳೆದುಕೊಳ್ಳಲು ಪರವಾನಗಿ ಇರುವವನ ಮೇಲೆ ಹೊಣೆ ಹೊರಿಸಿದ ಕಡೆ ಕಾನೂನು ನಡೆದಿದೆ, ಉಳಿದ ಕಡೆ ಫಲಕವಾಗಿ ನಿಂತಿದೆ.

ದಂಡ ಏರಿಸಿ ಎನ್ನುವವರ ಜೊತೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. 2003ರ ಕಾಯ್ದೆಯಲ್ಲಿ ಗರಿಷ್ಠ ದಂಡ 200 ರೂಪಾಯಿ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಅದನ್ನು 1,000ಕ್ಕೆ ಏರಿಸಿದೆ, ತಂಬಾಕು ಕೊಳ್ಳುವ ವಯಸ್ಸನ್ನು 21 ಮಾಡಿದೆ. ನನ್ನ ಹೋಟೆಲಿನಲ್ಲಿ ಕುಳಿತು ಸಾವಿರಾರು ರೂಪಾಯಿ ಬಿಲ್ಲು ಮಾಡುವವನಿಗೆ 200 ಎಂದರೆ ವೇಟರ್‌ಗೆ ಬಿಡುವ ಟಿಪ್ಸು. ಮಾರುಕಟ್ಟೆಯ ಹೊರಗೆ ಬೀಡಿ ಹಚ್ಚಿ ಕುಳಿತ ಹಮಾಲನಿಗೆ ಅದು ಅರ್ಧ ದಿನದ ಮೈಕೈ ನೋವು. ಹಿಡಿಯುವವರು ಯಾರನ್ನು ಹಿಡಿಯುತ್ತಾರೆ ಎಂದು ನಿಮಗೇ ಗೊತ್ತು. ನಿಮ್ಮ ಸ್ವಾತಂತ್ರ್ಯದ ವಾದದಲ್ಲಿ ನನಗೆ ತೂಕ ಕಾಣುವುದು ಇಲ್ಲಿ ಮಾತ್ರ. ಇನ್ನೊಂದು ಕಡೆಯೂ ಇದೆ ಎನ್ನಿ: ಟಪರಿಯಲ್ಲಿ ಹುಡುಗಿಯೊಬ್ಬಳು ಸಿಗರೇಟು ಹಿಡಿದು ನಿಂತರೆ ಹತ್ತು ಜನ ನೀತಿ ಹೇಳಲು ಬರುತ್ತಾರೆ, ಅವರಲ್ಲಿ ಅರ್ಧ ಜನರ ಬೆರಳ ಸಂದಿಯಲ್ಲೂ ಸಿಗರೇಟು ಇರುತ್ತದೆ. ಕಾನೂನು ಗಂಡು ಹೆಣ್ಣು ಎಂದು ನೋಡುವುದಿಲ್ಲ; ಇವರು ಕಾನೂನಿನ ಹೆಸರಿನಲ್ಲಿ ಬೇರೇನನ್ನೋ ಕಾಯುತ್ತಿದ್ದಾರೆ.

ಹಾಗೆಂದು ಒಳಾಂಗಣದಲ್ಲಿ ಸೇದುವ ಸ್ವಾತಂತ್ರ್ಯ ಕೇಳಿದರೆ ನಾನು ಕೊಡಲು ತಯಾರಿಲ್ಲ. ಸೇದಬೇಡಿ ಎಂದು ನಿಮಗೆ ಯಾರೂ ಹೇಳಿಲ್ಲ. ಇನ್ನೊಬ್ಬ ದುಡಿಯುವ ಕೋಣೆಯಲ್ಲಿ ಸೇದಬೇಡಿ ಎಂದಿದ್ದಾರೆ, ಅಷ್ಟೇ. 30 ಅಥವಾ ಅದಕ್ಕಿಂತ ಹೆಚ್ಚು ಆಸನಗಳಿರುವ ರೆಸ್ಟೋರೆಂಟು ಪ್ರತ್ಯೇಕ ಧೂಮಪಾನ ಕೋಣೆ ಕಟ್ಟಿಸಬಹುದು. ನಾಲ್ಕೂ ಕಡೆ ಚಾವಣಿಯವರೆಗೆ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಗಾಳಿ ನೇರ ಹೊರಗೆ ಹೋಗುವ ವ್ಯವಸ್ಥೆ ಇರಬೇಕು. ಮುಂಬಯಿಯ ಬಾಡಿಗೆಯಲ್ಲಿ ಹೊಗೆಗೆಂದೇ ಒಂದು ಕೋಣೆ ಬಿಡುವ ಮಾಲಿಕನನ್ನು ನಾನು ಹೆಚ್ಚು ಕಂಡಿಲ್ಲ. ಅಂಥ ಕೋಣೆಯಲ್ಲಿ ಯಾವ ಸೇವೆಯನ್ನೂ ಕೊಡಬಾರದು ಎಂದು 2017ರ ತಿದ್ದುಪಡಿ ಹೇಳಿತು. ಹುಕ್ಕಾ ಪಾರ್ಲರುಗಳನ್ನು ಕಟ್ಟಿಹಾಕಲು ಬಂದ ಮಾತಾದರೂ ನನ್ನ ಮಟ್ಟಿಗೆ ಇಡೀ ನಿಯಮಾವಳಿಯಲ್ಲಿ ಇದೇ ಅತಿ ಬುದ್ಧಿವಂತಿಕೆಯ ಸಾಲು. ಹೊಗೆಯೊಳಗೆ ವೇಟರ್ ಕಾಲಿಡಬೇಕಿಲ್ಲ. ಅದೇ ವರ್ಷದ ಡಿಸೆಂಬರಿನ ಕೊನೆಯಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಚಾವಣಿ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು, ಹುಕ್ಕಾದ ಕೆಂಡದ ಮಾತು ತನಿಖೆಯಲ್ಲಿ ಬಂತು, 2018ರಲ್ಲಿ ಮಹಾರಾಷ್ಟ್ರ ಹುಕ್ಕಾ ಪಾರ್ಲರುಗಳನ್ನೇ ನಿಷೇಧಿಸಿತು.

ಬೀಡಿ ಕಟ್ಟುವವರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಎಂಬ ಆಕ್ಷೇಪವೂ ಬರುತ್ತದೆ. ಸಾಮಾನ್ಯವಾಗಿ ಬೀಡಿ ಕಟ್ಟಿ ಗೊತ್ತಿಲ್ಲದವರಿಂದ ಬರುತ್ತದೆ. ನಮ್ಮ ಮನೆಯಲ್ಲಿ ಅಮ್ಮ, ಅಕ್ಕ ಇಬ್ಬರೂ ಕಟ್ಟಿದವರು. ತೊಡೆಯ ಮೇಲೆ ಗೆರಸೆ, ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟರೆ ಅಲ್ಲಿ ಕಟ್ಟು ಬಿಚ್ಚಿ ನೋಡಿ ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ನನ್ನ ಶಾಲೆಯ ಫೀಸು ಅದರಿಂದಲೇ ಕಟ್ಟಿದ್ದು. ಆ ಪುಡಿಯ ಸೀನು, ಕೆಮ್ಮು ಎರಡೂ ನಮ್ಮ ಜಗಲಿಯ ಸದ್ದಾಗಿತ್ತು. ಬಾರಿನೊಳಗೆ ಸೇದುವುದು ನಿಂತದ್ದರಿಂದ ಅವರ ಕೂಲಿ ಕಡಿಮೆಯಾಗಿಲ್ಲ, ಎಸಿ ರೂಮಿನಲ್ಲಿ ಬೀಡಿ ಸೇದುವವರು ಮೊದಲೂ ಇರಲಿಲ್ಲ. ಅವರ ಬಗ್ಗೆ ನಿಜವಾದ ಕಾಳಜಿ ಇದ್ದರೆ ಕೂಲಿ, ಪಿಂಚಣಿ, ಬೇರೆ ಕೆಲಸದ ಬಗ್ಗೆ ಮಾತನಾಡಲಿ.

ಈ ನಿಷೇಧದಿಂದ ಮಹಾರಾಷ್ಟ್ರದ ಕ್ಯಾನ್ಸರ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಈ ರಾಜ್ಯದಲ್ಲಿ ಸೇದುವವರು ಶೇ 3.8 ಮಾತ್ರ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 24.4. ಪರೇಲಿನ ಟಾಟಾ ಆಸ್ಪತ್ರೆಗೆ ಬಾಯಿಯ ಕ್ಯಾನ್ಸರ್ ಹೊತ್ತು ಬರುವವರ ಕಥೆ ಬಹುಪಾಲು ಗುಟ್ಕಾ, ಖೈನಿ, ಮಾವಾದ್ದು. ಗುಟ್ಕಾವನ್ನು 2012ರಲ್ಲೇ ನಿಷೇಧಿಸಿದ್ದಾರೆ, ಬಿಡಿ ಸಿಗರೇಟಿನ ಮಾರಾಟವನ್ನು 2020ರಲ್ಲಿ. ನಮ್ಮ ಹೋಟೆಲಿನ ಎದುರಿನ ಪಾನ್‌ಪಟ್ಟಿಯಲ್ಲಿ ಇವತ್ತೂ ಒಂದೇ ಒಂದು ಸಿಗರೇಟು ಕೊಡಿ ಎಂದರೆ ಕೊಡುತ್ತಾರೆ, ಹಚ್ಚಿಕೊಳ್ಳಲು ಲೈಟರನ್ನು ದಾರ ಕಟ್ಟಿ ತೂಗುಬಿಟ್ಟಿದ್ದಾರೆ.

ನನಗೆ ಈಗ ತಲೆನೋವಾಗಿರುವುದು ಚಾವಣಿಯ ಮೇಲಿನ ಹೊಸ ಬಾರುಗಳು. ಮೇಲೆ ಅರ್ಧ ತೆರೆದ ಶೆಡ್ಡು, ಸುತ್ತ ಪ್ಲಾಸ್ಟಿಕ್ ಪರದೆ, ಇದು ಬಯಲು ಎಂಬ ವಾದ, ಮೇಜಿನ ಮೇಲೆ ಮತ್ತೆ ಆಶ್‌ಟ್ರೇ. ಮಳೆಗಾಲದಲ್ಲಿ ಪರದೆ ಇಳಿಸಿದರೆ ಅದು 2008ಕ್ಕೆ ಮೊದಲಿನ ಎಸಿ ರೂಮೇ. ಅಲ್ಲಿಂದ ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದ ಹುಡುಗನೊಬ್ಬ, ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಹೊಗೆ ಬೇಡ ಎಂದ. ಇಟ್ಟುಕೊಂಡಿದ್ದೇನೆ.

ಮುಂದಿನ ಸಲ ಹೋಟೆಲಿನೊಳಗೆ ಯಾರಾದರೂ ಸೇದುತ್ತಿದ್ದರೆ ಅವರ ಜೊತೆ ಜಗಳಕ್ಕೆ ಇಳಿಯಬೇಡಿ, ಕುಡಿದವರ ಜೊತೆಯಂತೂ ಬೇಡವೇ ಬೇಡ. ದೂರು ಯಾರಿಗೆ ಕೊಡಬೇಕು ಎಂಬ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ನಿಯಮವಿದೆ. ಆ ಹೆಸರಿನವರನ್ನು ಕರೆಯಿರಿ. ಹೆಸರೇ ಬರೆದಿಲ್ಲವಾದರೆ, ಏಕೆ ಬರೆದಿಲ್ಲ ಎಂದು ಗಲ್ಲಾದಲ್ಲಿ ಕುಳಿತವನನ್ನು ಎಲ್ಲರಿಗೂ ಕೇಳಿಸುವಂತೆ ಕೇಳಿ. ಅವನು ಎದ್ದು ಬರುತ್ತಾನೆ.