ಹೂಡೋದು ಬೇರೆ, ನಡೆಸೋದು ಬೇರೆ, ಜಾರಿ ಮಾಡಿಸೋದು ಬೇರೆ

ನೀವು ತುಮಕೂರಿಂದ ಬಂದು ಇಲ್ಲಿ ಕಾರವಾರದಲ್ಲಿ ವಕೀಲರ ಆಫೀಸಲ್ಲಿ ಹಳೇ ಕಾಗದ ಟೈಪ್ ಮಾಡೋ ಕೆಲಸಕ್ಕೆ ಸೇರಿದ್ದೀರಿ, ಹಾಕು, ಹೂಡು, ನಡೆಸು, ಜರುಗಿಸು, ಜಾರಿ ಮಾಡು ಇವೆಲ್ಲ ಒಂದೇ ಅರ್ಥ ಅಲ್ವಾ, ಎಲ್ಲಾ ಕಡೆ "ನಡೆಸು" ಅಂತ ಬರೆದ್ರೆ ಆಗಲ್ವಾ ಅಂತ ಕೇಳಿದ್ರಿ. ಆಗೋದಿಲ್ಲ ಮಾರಾಯ್ರೇ. ನೀವು ತೋರ್ಸಿದ ಆ ಕಾಗದದಲ್ಲಿ "ದರಖಾಸ್ತು" ಅಂತಿದೆಯಲ್ಲ, ಅದಕ್ಕಂತೂ ಖಂಡಿತ ಆಗೋದಿಲ್ಲ. ಅದಕ್ಕೆ ಕೊನೆಗೆ ಬರ್ತೇನೆ.

ಮನೆಯಲ್ಲಿ ಮಾತಾಡುವಾಗ ನಾವು "ಕೇಸ್ ಹಾಕಿದ್ರು" ಅಂತೇವೆ. ಕೊಂಕಣಿಯಲ್ಲೂ ಹಾಗೇ, ಕೇಸ್ "ಘಾಲ್" ಮಾಡೋದು, ಘಾಲ್ ಅಂದ್ರೂ ಹಾಕು ಅಂತಲೇ. ಕಾಗದಕ್ಕೆ ಬಂದಾಗ ಅದು "ದಾವೆ ಹೂಡು" ಆಗ್ತದೆ. ಹೂಡು ಅಂದ್ರೆ ನೇಗಿಲು ಹೂಡೋದು, ಬಾಣ ಹೂಡೋದು, ಬಿಡಾರ ಹೂಡೋದು, ಎಲ್ಲದರಲ್ಲೂ ಶುರು ಮಾತ್ರ ಇದೆ ನೋಡಿ, ಎತ್ತು ಕಟ್ಟಿದ್ದಾಯ್ತು, ಉಳುಮೆ ಇನ್ನೂ ಆಗ್ಬೇಕು. ನಮ್ಮ ಊರಿನ ಮೇಲೇ ಅಂಥದ್ದೊಂದು ದಾವೆ ಇದೆ. ಎರಡು ರಾಜ್ಯಗಳ ಗಡಿ ಜಗಳ ನೋಡೋಕೆ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಕಾರವಾರ ಕರ್ನಾಟಕದಲ್ಲೇ (ಆಗಿನ ಮೈಸೂರು ರಾಜ್ಯ) ಇರ್ಬೇಕು ಅಂತ ವರದಿ ಕೊಟ್ಟಿತ್ತು, ಮಹಾರಾಷ್ಟ್ರ ಅದನ್ನ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಲ್ಲಿ ದಾವೆ ಹೂಡ್ತು. ಹೂಡಿದ್ದು ಒಬ್ರು, ಆದ್ರೆ ನಡೆಸಬೇಕಾದ್ದು ಇಬ್ರೂ. ಹೂಡೋದು ಒಂದು ದಿನದ ಕೆಲಸ, ನಡೆಸೋದು ಎಷ್ಟು ವರ್ಷವೋ.

ಈ "ನಡೆಸು" ಎಲ್ಲರ ಬಾಯಲ್ಲೂ ಬರೋ ಶಬ್ದ. ಜಡ್ಜು ವಿಚಾರಣೆ ನಡೆಸ್ತಾರೆ, ವಕೀಲರು ಕೇಸ್ ನಡೆಸ್ತಾರೆ, ಕಕ್ಷಿಗಾರನೂ ಹತ್ತು ವರ್ಷದಿಂದ ಕೇಸ್ ನಡೆಸ್ತಾ ಇದ್ದೇನೆ ಅಂತಾನೆ. ಯಕ್ಷಗಾನದಲ್ಲೂ ಹೀಗೇ, ಹಾಡ್ತಾ ಆಟ ಆಡಿಸೋದು ಭಾಗವತರು, ಹರಕೆ ಹೊತ್ತು ದುಡ್ಡು ಕೊಟ್ಟು ಆಟ ಆಡಿಸೋದು ಮನೆಯವರು, ಕ್ರಿಯಾಪದ ಒಂದೇ ಆದ್ರೂ ಮಾಡೋರು ಬೇರೆ. ಹಾಗಾಗಿ ಟೈಪ್ ಮಾಡುವಾಗ ನಡೆಸಿದ್ದು ಯಾರು ಅಂತ ಮೊದಲು ನೋಡ್ಕೊಳ್ಳಿ.

"ಜರುಗಿಸು" ಸರ್ಕಾರದ್ದು. ನಿಮ್ಮ ಕಡೆ ಬಸ್ಸಲ್ಲಿ "ಸ್ವಲ್ಪ ಜರುಗಿ" ಅಂತಾರಲ್ಲ, ಮೂಲ ಅದೇ. ಆದ್ರೆ "ಕಾನೂನು ಕ್ರಮ ಜರುಗಿಸಲಾಗುವುದು" ಅಂತ ಬೋರ್ಡ್ ಹಾಕೋ ಹಕ್ಕು ಅಧಿಕಾರ ಇರೋರಿಗೆ ಮಾತ್ರ, ನಾನು ನನ್ನ ಪಕ್ಕದ ಮನೆಯವರ ಮೇಲೆ ಕ್ರಮ ಜರುಗಿಸ್ತೇನೆ ಅಂದ್ರೆ ಅದು ತಪ್ಪು ಕನ್ನಡ. ಕ್ರಿಮಿನಲ್ ಕೇಸಲ್ಲಿ ಸರ್ಕಾರದ ಪರ ನಡೆಸೋದಕ್ಕೆ "ಅಭಿಯೋಜನೆ" ಅಂತ ಬೇರೆ ಶಬ್ದವೇ ಉಂಟು, ಜನ ಮಾತ್ರ ಪ್ರಾಸಿಕ್ಯೂಷನ್ ಅಂತಲೇ ಹೇಳೋದು.

ಒಂದು ಶಬ್ದ ತಪ್ಪಿದ್ರೆ ಎಂತ ಆಗ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮ ಮಾವಶಿಯನ್ನ, ಅಂದ್ರೆ ಅಮ್ಮನ ತಂಗಿಯನ್ನ, ಕೊಟ್ಟಿದ್ದು ಗೋವಾದ ಕಾಣಕೋಣಕ್ಕೆ, ಇಲ್ಲಿಂದ ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಳೆದ್ರೆ ಗಡಿ, ಬೆಳಿಗ್ಗೆ ಹೋಗಿ ಊಟ ಮಾಡಿ ಸಂಜೆ ವಾಪಸ್ ಬರೋ ದೂರ. ಆದ್ರೆ ಗಡಿ ದಾಟಿದ ಕೂಡ್ಲೇ ಆಸ್ತಿ ಕಾನೂನು ಬೇರೆ. ಪೋರ್ಚುಗೀಸರ 1867ರ ಸಿವಿಲ್ ಕೋಡಿನಿಂದ ಬಂದ ಪದ್ಧತಿ ಅಲ್ಲಿ, ಮನೆಯ ಹಿರಿಯರು ತೀರಿಕೊಂಡ್ರೆ "ಇನ್ವೆಂಟರಿ" ಅಂತ ಕೋರ್ಟಿಗೆ ಹೋಗ್ತಾರೆ, ಆಸ್ತಿ ಎಷ್ಟು, ವಾರಸುದಾರರು ಯಾರು, ಯಾರಿಗೆ ಎಷ್ಟು ಅಂತ ಪಟ್ಟಿ ಮಾಡಿ ಪಾಲು ಮಾಡೋದು, ಜಗಳ ಇರಲೇಬೇಕು ಅಂತ ಇಲ್ಲ. ಕಾಕಾ, ಅಂದ್ರೆ ಮಾವಶಿಯ ಗಂಡ, ತೀರಿಕೊಂಡ ಮೇಲೆ ಮಾವಶಿ ಮಕ್ಕಳೂ ಅದನ್ನೇ ಮಾಡಿಸಿದ್ರು. ನಮ್ಮ ಓಣಿಯವರೊಬ್ರು ಬಂದು ಅಮ್ಮನ ಹತ್ರ "ನಿಮ್ಮ ತಂಗಿ ಮಕ್ಕಳು ದಾವೆ ಹೂಡಿದ್ದಾರಂತೆ" ಅಂದ್ರು. ಅಮ್ಮ ಅವತ್ತು ಊಟ ಮಾಡ್ಲಿಲ್ಲ, ತಂದೆ ಹೋಗಿ ತಿಂಗಳಾಗಲಿಲ್ಲ ಅಣ್ಣತಮ್ಮ ಕೋರ್ಟ್ ಹತ್ತಿದ್ರಲ್ಲ ಅಂತ ಅತ್ತು ಅತ್ತು ರಾತ್ರಿ ಮಾವಶಿಗೆ ಫೋನ್ ಮಾಡಿದ ಮೇಲೇ ಸಮಾಧಾನ ಆಗಿದ್ದು. ಇನ್ವೆಂಟರಿ ಮಾಡಿಸಿದ್ರು ಅಂದಿದ್ರೆ ಮುಗೀತಿತ್ತು. ದಾವೆ ಹೂಡಬೇಕಾದ್ರೆ ಎದುರಿಗೆ ಒಬ್ಬ ಇರ್ಬೇಕು, ದಾವೆ ಅನ್ನೋ ಮಾತಿನ ಒಳಗೇ ಅದಿದೆ.

ಈಗ ನಿಮ್ಮ ದರಖಾಸ್ತು. ನಿಮ್ಮ ಹಳೇ ಮೈಸೂರು ಕಡೆ ದರಖಾಸ್ತು ಅಂದ್ರೆ ಸರ್ಕಾರಿ ಜಮೀನು ಮಂಜೂರು ಮಾಡಿ ಅಂತ ಕೊಡೋ ಅರ್ಜಿ. ಆದ್ರೆ ಈ ಜಿಲ್ಲೆ 1862ರಿಂದ 1956ರ ನವೆಂಬರ್ 1ರ ತನಕ ಮುಂಬೈ ಆಡಳಿತದಲ್ಲಿತ್ತು, ಮುಂಬೈ ಕಡೆಯ ಕೋರ್ಟುಗಳಲ್ಲಿ ದರಖಾಸ್ತು ಅಂದ್ರೆ ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ಜಾರಿ ಮಾಡಿಸ್ಕೊಡಿ ಅಂತ ಗೆದ್ದವನು ಹಾಕೋ ಅರ್ಜಿ. ಹರಾಜಿಗೆ ಲಿಲಾವು, ಪಹಣಿಗೆ ಉತಾರ ಅಂತ ಇಲ್ಲಿ ಕೇಳ್ತೀರಲ್ಲ, ಅವೂ ಆ ಕಾಲದ್ದೇ, ಲಿಲಾವು ಅಂತೂ ಪೋರ್ಚುಗೀಸ್ ಶಬ್ದ. ನಮ್ಮ ಅಜ್ಜನ ಪೆಟ್ಟಿಗೆಯಲ್ಲೂ ಇಂಥದ್ದೊಂದು ಕಾಗದ ಇತ್ತು, ತೆಂಗಿನ ತೋಟದ ಗಡಿ ಬಗ್ಗೆ. ದಾವೆ ಗೆದ್ದಿದ್ರು, ಊರಿಗೆಲ್ಲ ಸಕ್ಕರೆ ಹಂಚಿದ್ರಂತೆ, ಆದ್ರೆ ಎದುರಿನವರು ಬೇಲಿ ಕೀಳಲಿಲ್ಲ. ಗೆದ್ದ ಕಾಗದ ತಾನಾಗಿ ಬೇಲಿ ಕೀಳೋದಿಲ್ಲವಲ್ಲ. ಮತ್ತೆ ದರಖಾಸ್ತು ಹಾಕಿ, ಕೋರ್ಟಿನ ಆದೇಶ ಜಾರಿ ಮಾಡೋ ಬೇಲೀಫ ಬಂದು ನಿಂತು ಬೇಲಿ ತೆಗೆಸೋ ಹೊತ್ತಿಗೆ ಇನ್ನೂ ಮೂರು ಮಳೆಗಾಲ ಹೋಗಿತ್ತು. ಅಜ್ಜ ಕೊನೇ ತನಕ ಅದನ್ನ "ಎರಡನೇ ಕೇಸು" ಅಂತಲೇ ಹೇಳ್ತಿದ್ರು. ಜಾರಿ ಅಂದ್ರೆ ಅರಬ್ಬಿಯಲ್ಲಿ ಹರೀತಾ ಇರೋದು, ಅಮಲ್ ಅಂದ್ರೆ ಕೆಲಸ. ತೀರ್ಪು ಕಾಗದದಿಂದ ಇಳಿದು ನೆಲದ ಮೇಲೆ ಹರಿದ್ರೇ ಅಮಲ್ಜಾರಿ. ಸಿವಿಲ್ ಡಿಕ್ರಿಗೆ ಅದಕ್ಕೆ ಸಾಮಾನ್ಯವಾಗಿ 12 ವರ್ಷ ಅವಧಿ ಇದೆ, ಸುಮ್ನೆ ಕೂತು ಅವಧಿ ಕಳೆದ್ರೆ ಗೆದ್ದದ್ದು ಕಾಗದದಲ್ಲೇ ಉಳೀತದೆ.

ಹಾಗಾಗಿ ನಿಮ್ಮ ಆ ಕಾಗದದಲ್ಲಿ "ದರಖಾಸ್ತು ಹಾಕಿದ" ಅಂತ ಇರೋ ಕಡೆ "ಜಮೀನಿಗೆ ಅರ್ಜಿ ಹಾಕಿದ" ಅಂತ ದಯವಿಟ್ಟು ತಿದ್ದಬೇಡಿ. ದರಖಾಸ್ತು ಅನ್ನೋದನ್ನ ಹಾಗೇ ಇಟ್ಟು ಪಕ್ಕದಲ್ಲಿ "ಡಿಕ್ರಿ ಅಮಲ್ಜಾರಿ ಅರ್ಜಿ" ಅಂತ ಬರೀರಿ, ಮತ್ತೆ ಅದರ ಹಿಂದೆ ಡಿಕ್ರಿಯ ನಂಬರು ಎಲ್ಲೋ ಇರಲೇಬೇಕು, ಪುಟ ತಿರುಗಿಸಿ ಹುಡುಕಿ.